ಮನೆಯಲ್ಲೇ ರಸಗುಲ್ಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ರಸಗುಲ್ಲಾ ಕಲಿಸಿದ್ದು ಬೆಂಗಳೂರಿನ ನಮ್ಮ ಹಳೇ ಬಾಡಿಗೆ ಮನೆಯ ಮಹಡಿಯಲ್ಲಿದ್ದ ಒಬ್ಬ ಬಂಗಾಳಿ ಅಜ್ಜಿ. ಎಲ್ಲರೂ ಅವರನ್ನು ಮಾಶಿಮಾ ಅಂತಲೇ ಕರೆಯುತ್ತಿದ್ದೆವು. ಅವರು ಯಾವತ್ತೂ ಅಳತೆ ಹೇಳಿದವರಲ್ಲ. ನನ್ನ ಕೈ ಹಿಡಿದು ಒಡೆದ ಹಾಲಿನ ಮುದ್ದೆಯೊಳಗೆ ಒತ್ತಿಸಿ, "ಬುಝೇಛೋ?" (ಗೊತ್ತಾಯ್ತಾ?) ಅಂತ ಕೇಳುತ್ತಿದ್ದರು, ಅಷ್ಟೇ. ಅಳತೆಗಳನ್ನು ನಾನು ಬರೆದಿಟ್ಟುಕೊಂಡದ್ದು ಆಮೇಲೆ, ಲೀಟರ್‌ಗಟ್ಟಲೆ ಹಾಲು ಹಾಳು ಮಾಡಿಕೊಂಡು.

ನೆಂಟರು, ಸ್ನೇಹಿತರು ಫೋನಿನಲ್ಲಿ ಮತ್ತು ಪತ್ರಗಳಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಪಾಕದ ಬಗ್ಗೆ ಕೇಳುತ್ತಾರೆ, ಆದರೆ ರಸಗುಲ್ಲಾ ಕೆಡುವುದು ಬಹುಪಾಲು ಸೋಸುವ ಬಟ್ಟೆಯಲ್ಲೇ.

## ಶುರು ಮಾಡೋ ಮುಂಚೆ

ರಸಗುಲ್ಲಾ ಅಂದ್ರೆ ಮೈದಾ ಉಂಡೆನಾ, ಖೋವಾ ಉಂಡೆನಾ?

ಎರಡೂ ಅಲ್ಲ. ಬಿಸಿ ಹಾಲಿಗೆ ಹುಳಿ ಹಾಕಿ ಒಡೆಸಿ, ನೀರು ಸೋಸಿದಾಗ ಉಳಿಯುವ ಬಿಳಿ ಮುದ್ದೆಗೆ ಛೇನಾ ಅನ್ನುತ್ತಾರೆ. ಅದನ್ನು ನಾದಿ, ಉಂಡೆ ಕಟ್ಟಿ, ತೆಳು ಸಕ್ಕರೆ ನೀರಲ್ಲಿ ಬೇಯಿಸಿದರೆ ರಸಗುಲ್ಲಾ. ಜಾಮೂನು ಖೋವಾದ್ದು, ಕರಿದದ್ದು. ಇದಕ್ಕೆ ಎಣ್ಣೆ, ತುಪ್ಪ ಒಂದು ಹನಿಯೂ ಬೇಡ. ಒಳಗೆ ಕಾಣುವ ಸ್ಪಂಜಿನಂಥ ತೂತುಗಳೆಲ್ಲ ಹಬೆಯ ಕೆಲಸ. ಉಂಡೆಯೊಳಗಿನ ನೀರು ಹಬೆಯಾಗಿ ಹೊರಗೆ ಬರಲು ನೋಡುತ್ತದೆ. ಹಾಲಿನ ಪ್ರೋಟೀನು ಬಲೆಯ ಹಾಗೆ ಅದನ್ನು ತಡೆದು ಹಿಗ್ಗುತ್ತದೆ.

ಪನೀರ್, ಛೇನಾ ಎರಡೂ ಒಂದೇ ಅಲ್ವಾ? ಅಂಗಡಿ ಪನೀರ್ ತಂದು ಮಾಡಬಹುದಾ?

ಹಾಲು ಒಡೆಯುವ ತನಕ ಎರಡೂ ಒಂದೇ, ಆಮೇಲೆ ದಾರಿ ಬೇರೆ. ಪನೀರಿನ ಮೇಲೆ ಭಾರ ಹೇರಿ ಗಟ್ಟಿ ಮಾಡುತ್ತಾರೆ. ಛೇನಾವನ್ನು ಬಟ್ಟೆಯಲ್ಲಿ ಕಟ್ಟಿ ತೂಗು ಹಾಕುತ್ತಾರೆ, ಅಷ್ಟೇ. ನಮ್ಮ ಆಹಾರ ಸುರಕ್ಷತಾ ನಿಯಮಗಳ ಪ್ರಕಾರವೂ ಪನೀರಿನಲ್ಲಿ ನೀರಿನಂಶ ಶೇ. 60 ದಾಟಬಾರದು, ಛೇನಾದಲ್ಲಿ 65ರವರೆಗೆ ಇರಬಹುದು. ನೋಡೋಕೆ ಸಣ್ಣ ವ್ಯತ್ಯಾಸ, ಉಂಡೆಗೆ ಅದೇ ಜೀವ. ಅಂಗಡಿ ಪನೀರ್ ತುರಿದು ಎಷ್ಟು ನಾದಿದರೂ ಕಾಳು ಕಾಳಾಗಿಯೇ ಇರುತ್ತದೆ. ಅದನ್ನು ಪಲ್ಯಕ್ಕೆ ಬಳಸಿ.

ಇದು ಬಂಗಾಳದ್ದಾ, ಒಡಿಶಾದ್ದಾ?

ಈ ಪ್ರಶ್ನೆ ಕೇಳಿ ನಾನು ಒಂದು ಸ್ನೇಹ ಕಳಕೊಳ್ಳುವುದರಲ್ಲಿದ್ದೆ. ಬಂಗಾಳದವರು ಹೇಳುವುದು ಕೋಲ್ಕತ್ತಾದ ಬಾಗ್‌ಬಜಾರಿನ ನೊಬಿನ್ ಚಂದ್ರ ದಾಸ್ ಹೆಸರು. ಸ್ಪಂಜಿನಂಥ ಬಿಳಿ ರೊಶೊಗೊಲ್ಲಾ ಅವರ ಅಂಗಡಿಯಲ್ಲಿ 1868ರಲ್ಲಿ ಹುಟ್ಟಿತು ಅನ್ನುತ್ತಾರೆ. ಒಡಿಶಾದವರು ಪುರಿಯ ಜಗನ್ನಾಥನನ್ನು ಸಾಕ್ಷಿಗೆ ಕರೆಯುತ್ತಾರೆ. ರಥಯಾತ್ರೆ ಮುಗಿಸಿ ಗುಡಿಗೆ ವಾಪಸ್ ಬರುವ ನೀಲಾದ್ರಿ ಬಿಜೆ ದಿನ, ತನ್ನನ್ನು ಬಿಟ್ಟು ಹೋದನೆಂದು ಲಕ್ಷ್ಮಿ ಬಾಗಿಲು ಹಾಕಿಕೊಂಡಿರುತ್ತಾಳೆ. ಆಗ ಜಗನ್ನಾಥ ರಸಗೋಲ ಕೊಟ್ಟು ಸಮಾಧಾನ ಮಾಡಬೇಕು. ಹೆಂಡತಿಯನ್ನು ಒಲಿಸಿಕೊಳ್ಳೋಕೆ ದೇವರಿಗೂ ಸಿಹಿ ಬೇಕಾಯ್ತು ನೋಡಿ.

ಜಿಐ ಗುರುತು, ಅಂದ್ರೆ ಇದು ಇಂಥ ಕಡೆಯದೇ ಅನ್ನುವ ಸರ್ಕಾರಿ ಮುದ್ರೆ, ಇಬ್ಬರಿಗೂ ಸಿಕ್ಕಿದೆ. 'ಬಾಂಗ್ಲಾರ್ ರೊಶೊಗೊಲ್ಲಾ'ಗೆ 2017ರ ನವೆಂಬರ್ 14ರಂದು, 'ಒಡಿಶಾ ರಸಗೋಲ'ಕ್ಕೆ 2019ರ ಜುಲೈ 29ರಂದು. ತಿಂದವರಿಗೆ ಗೊತ್ತು, ಇವು ಎರಡು ಬೇರೆ ಸಿಹಿಗಳೇ. ಬಂಗಾಳದ್ದು ಅಚ್ಚ ಬಿಳಿ, ಕಚ್ಚಿದರೆ ಪುಟಿಯುತ್ತದೆ. ಭುವನೇಶ್ವರ ಮತ್ತು ಕಟಕ್ ನಡುವಿನ ಹೆದ್ದಾರಿಯಲ್ಲಿ ಪಹಾಳ ಅಂತ ಊರಿದೆ. ಅಲ್ಲಿನದು ನಸುಗಂದು, ತುಂಬ ಮೆತ್ತಗೆ. ಕೆಳಗೆ ನಾನು ಹೇಳುತ್ತಿರುವುದು ಹೆಚ್ಚಾಗಿ ಬಂಗಾಳದ ಬಗೆ, ಯಾಕಂದ್ರೆ ಕಲಿತದ್ದು ಅದು.

ನಮ್ಮತ್ತೆ ಹಾಲು ಬೇಕಂತ ಒಡೆಸೋದು ಅಪಶಕುನ ಅಂತಾರೆ. ನಮ್ಮ ಕಡೆ ಈ ಪದ್ಧತಿ ಇಲ್ವಾ?

ನಮ್ಮಮ್ಮನೂ ಮುಖ ಸಿಂಡರಿಸಿದ್ದರು. ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವ ಮಂದಿ ನಾವು, ಒಡೆದರೆ ಮನಸ್ಸಿಗೆ ಕಸಿವಿಸಿ ಆಗೋದು ಸಹಜ. ಆದರೆ ಅತ್ತೆಗೆ ಒಂದು ಹಳೇ ಕಥೆ ಹೇಳಿ. 1025ರ ಸುಮಾರಿಗೆ ಕನ್ನಡದಲ್ಲೇ ಬರೆದ, ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಎಮ್ಮೆ ಹಾಲನ್ನು ಗಿಡದ ಬೇರು, ಸೊಪ್ಪು ಹಾಕಿ ಒಡೆಸಿ ಗಟ್ಟಿ ಮಾಡುವ ವಿಧಾನ ಇದೆ, ಅದರಿಂದ ಸಿಹಿಗೆ ಉಂಡೆ ಕಟ್ಟುವ ಮಾತೂ ಇದೆ. ನೂರು ವರ್ಷ ಕಳೆದ ಮೇಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಒಡೆದ ಹಾಲಿಗೆ ಅಕ್ಕಿಹಿಟ್ಟು ಸೇರಿಸಿ, ಕರಿದು, ಸಕ್ಕರೆಯಲ್ಲಿ ಅದ್ದುವ ತಿಂಡಿ ಹೇಳುತ್ತಾನೆ. ಆ ಕಲ್ಯಾಣ ಅಂದ್ರೆ ಇವತ್ತಿನ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಷ್ಟು ದೂರ ಯಾಕೆ, ಬೆಳಗಾವಿ ಕುಂದಾಕ್ಕೂ ಕುದಿಯೋ ಹಾಲಿಗೆ ಮೊಸರು ಹಾಕುವವರಿದ್ದಾರೆ. ಆ ಕಾಳು ಕಾಳು ಬರೋದು ಹಾಗೇ.

ಇಷ್ಟು ಹೇಳಿದ ಮೇಲೂ ಒಪ್ಪದಿದ್ದರೆ ಶುಕ್ರವಾರ ಬಿಟ್ಟು ಬೇರೆ ದಿನ ಮಾಡಿ. ನಾನು ಹಾಗೇ ಮಾಡ್ತೀನಿ.

## ಹಾಲು ಒಡೆಸುವುದು, ಸೋಸುವುದು

ಯಾವ ಹಾಲು ತರಬೇಕು? ದಪ್ಪ ಹಾಲು ಇದ್ದಷ್ಟೂ ಒಳ್ಳೇದಲ್ವಾ?

ಅಲ್ಲ. ಪಾಯಸಕ್ಕೆ ಆ ಮಾತು ಸರಿ, ಇಲ್ಲಿ ತಪ್ಪು. ಹಸುವಿನ ಹಾಲೇ ಬೇಕು. ಎಮ್ಮೆ ಹಾಲಿನಲ್ಲಿ ಕ್ಯಾಲ್ಸಿಯಂ ಮತ್ತು ಕೊಬ್ಬು ಎರಡೂ ಜಾಸ್ತಿ, ಛೇನಾ ಗಡುಸಾಗುತ್ತದೆ. ಉಂಡೆ ಬೆಂದ ಮೇಲೂ ಅಗಿಯಬೇಕಾಗುತ್ತದೆ. ಪ್ಯಾಕೆಟ್ ಹಾಲಾದರೆ ಹಿಂದೆ ಬರೆದಿರುವ ಕೊಬ್ಬಿನ ಅಂಕಿ ನೋಡಿ. ಟೋನ್ಡ್‌ನಲ್ಲಿ ಶೇ. 3, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6 ಇರುತ್ತದೆ. ನನಗೆ ಚೆನ್ನಾಗಿ ಬಂದಿರುವುದು ಮೂರೂವರೆಯಿಂದ ನಾಲ್ಕರ ಆಸುಪಾಸಿನದು. ಹಸುವಿನ ಹಾಲು ಅಂತ ಬರೆದಿದ್ದರೆ ಕಣ್ಮುಚ್ಚಿ ತನ್ನಿ. ಫುಲ್ ಕ್ರೀಮ್ ಹಾಕಿದರೆ ನಾದುವಾಗ ಬೆಣ್ಣೆ ಬಿಡುತ್ತದೆ. ತೀರಾ ತೆಳು ಹಾಲಾದರೆ ಉಂಡೆ ಒಣ ಒಣ. ಹಳ್ಳಿಯಲ್ಲಿ ಕರೆದ ಹಾಲು ಸಿಗುವ ಪುಣ್ಯವಂತರು ಅದನ್ನೇ ಬಳಸಿ, ಕೆನೆ ತೆಗೆಯಬೇಡಿ.

ಟೆಟ್ರಾ ಪ್ಯಾಕ್ ಹಾಲು ಒಡೆಸಿದೆ, ಪುಡಿ ಪುಡಿ ಆಯ್ತು. ಇಲ್ಲಿ ಅಮೆರಿಕದಲ್ಲಿ ಬೇರೆ ಹಾಲೇ ಸಿಗಲ್ಲ, ಏನ್ಮಾಡ್ಲಿ?

ಸಿಗುತ್ತದೆ, ಡಬ್ಬಿ ಓದಿ ತೆಗೆದುಕೊಳ್ಳಬೇಕು. ತುಂಬ ಜಾಸ್ತಿ ಕಾಯಿಸಿ ತಿಂಗಳುಗಟ್ಟಲೆ ಇಡುವ ಹಾಲಿನಲ್ಲಿ ಪ್ರೋಟೀನುಗಳು ಆಗಲೇ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹುಳಿ ಹಾಕಿದರೆ ದೊಡ್ಡ ಗರಣೆ ಕಟ್ಟುವುದಿಲ್ಲ, ಮರಳಿನ ಹಾಗೆ ಕೂರುತ್ತದೆ. 'ಅಲ್ಟ್ರಾ ಪಾಶ್ಚರೈಸ್ಡ್' ಅಂತಿದ್ದರೆ ಬಿಡಿ, ಬರೀ 'ಪಾಶ್ಚರೈಸ್ಡ್' ಇರುವ ಹೋಲ್ ಮಿಲ್ಕ್ ತನ್ನಿ. ಅಲ್ಲಿನ ಹೋಲ್ ಮಿಲ್ಕ್‌ನಲ್ಲಿ ಕೊಬ್ಬು ಶೇ. 3.25, ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆರ್ಗ್ಯಾನಿಕ್ ಅಂತ ದುಬಾರಿ ಡಬ್ಬಿ ತರುವವರು ಜೋಪಾನ, ಅವುಗಳಲ್ಲಿ ಎಷ್ಟೋ ಅಲ್ಟ್ರಾ ಪಾಶ್ಚರೈಸ್ಡ್ ಆಗಿರುತ್ತವೆ.

ಒಂದು ಲೀಟರಿಗೆ ಎಷ್ಟು ರಸಗುಲ್ಲಾ ಆಗುತ್ತೆ?

ಛೇನಾ 150ರಿಂದ 180 ಗ್ರಾಂ. ಸಣ್ಣ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿದರೆ ಹನ್ನೆರಡೋ ಹದಿನಾಲ್ಕೋ ಆಗುತ್ತವೆ. "ಇಷ್ಟೇನಾ?" ಅಂತ ಎಲ್ಲರಿಗೂ ಬೇಜಾರಾಗುತ್ತದೆ. ಹಾಲು ನುಂಗುವ ಸಿಹಿ ಇದು. 1965ರಲ್ಲಿ ಪಶ್ಚಿಮ ಬಂಗಾಳದಲ್ಲಿ ಹಾಲಿಗೆ ಬರ ಬಂದಾಗ ಮುಖ್ಯಮಂತ್ರಿ ಪ್ರಫುಲ್ಲ ಚಂದ್ರ ಸೇನ್ ಸರ್ಕಾರ ಛೇನಾ ಸಿಹಿಗಳನ್ನೇ ನಿಷೇಧಿಸಿತ್ತು. ರೊಶೊಗೊಲ್ಲಾ ಇಲ್ಲದ ಕೋಲ್ಕತ್ತಾ ನೆನೆಸಿಕೊಳ್ಳಿ!

ನಿಂಬೆಹಣ್ಣಾ, ವಿನೆಗರಾ, ಮೊಸರಾ?

ಮೂರೂ ನಡೆಯುತ್ತದೆ. ನಾನು ಲೀಟರಿಗೆ ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸುತ್ತೇನೆ. ನೀರು ಬೆರೆಸದೆ ಸುರಿದರೆ ಹುಳಿ ಬಿದ್ದ ಜಾಗದಲ್ಲಿ ಹಾಲು ಗಡುಸಾಗಿ ಒಡೆಯುತ್ತದೆ. ಮೊಸರಿನಿಂದ ಒಡೆಸಿದರೆ ಮೆತ್ತಗೆ ಬರುತ್ತದೆ, ಹೆಚ್ಚು ಹೊತ್ತು ಹಿಡಿಯುತ್ತದೆ. ಬಂಗಾಳದ ಮಿಠಾಯಿಯವರು ಹಿಂದಿನ ದಿನದ ಹುಳಿಬಂದ ಹಾಲೊಡಕನ್ನೇ (ಛೇನಾ ಸೋಸಿದಾಗ ಇಳಿಯುವ ನೀರು) ಬಳಸುತ್ತಾರೆ. ಮನೆಯಲ್ಲಿ ಮೇಲಿಂದ ಮೇಲೆ ಮಾಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಹಾಲು ಕುದೀತಿರೋವಾಗಲೇ ಹುಳಿ ಹಾಕಬೇಕಾ?

ಬೇಡ. ಒಂದು ಉಕ್ಕು ಬಂದ ಮೇಲೆ ಒಲೆ ಆರಿಸಿ, ಎರಡು ಮೂರು ನಿಮಿಷ ಬಿಡಿ. ಸೌಟಾಡಿಸುತ್ತಾ ಒಂದೊಂದೇ ಚಮಚ ಹಾಕಿ. ಕೊತಕೊತ ಕುದಿಯುವ ಹಾಲಲ್ಲಿ ಒಡೆದ ಛೇನಾ ಬಿಗಿಯುತ್ತದೆ, ತೀರಾ ಆರಿದ ಹಾಲಲ್ಲಿ ಒಡೆದದ್ದು ಅಂಟಂಟು. ಹಸಿರು ಹಳದಿ ಬಣ್ಣದ ತಿಳಿ ನೀರು ಬೇರೆಯಾದ ಕೂಡಲೇ ಹುಳಿ ಹಾಕುವುದು ನಿಲ್ಲಿಸಿ, ಬಟ್ಟಲಲ್ಲಿ ಉಳಿದಿದ್ದರೂ ಸರಿ. ನೀರು ಇನ್ನೂ ಬೆಳ್ಳಗೇ ಇದ್ದರೆ ಒಂದು ಚಮಚ ಹುಳಿ ಹಾಕಿ ಒಂದು ನಿಮಿಷ ಕಾಯಿರಿ. ಅದಕ್ಕೂ ಬಗ್ಗದಿದ್ದರೆ ಸಣ್ಣ ಉರಿಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ.

ಒಡೆದ ತಕ್ಷಣ ಒಂದೆರಡು ಲೋಟ ತಣ್ಣೀರು ಸುರಿದು ಬಟ್ಟೆಗೆ ಬಗ್ಗಿಸಿ. ನಲ್ಲಿ ಕೆಳಗೆ ಹಿಡಿದು ತೊಳೆಯಿರಿ, ನಿಂಬೆ ವಾಸನೆ ಹೋಗುತ್ತದೆ. ಬಿಸಿಯೂ ಇಳಿಯುತ್ತದೆ, ಇಲ್ಲದಿದ್ದರೆ ಒಳಗೊಳಗೇ ಬೆಂದು ಗಟ್ಟಿಯಾಗುತ್ತಾ ಹೋಗುತ್ತದೆ.

ಬಟ್ಟೆ ಎಷ್ಟು ಹೊತ್ತು ತೂಗು ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಒಬ್ಬೊಬ್ಬರ ಬಟ್ಟೆಯೂ ಒಂದೊಂದು ಥರ, ಅದಕ್ಕೇ. ಹಳೇ ಪಂಚೆ ತುಂಡಾದರೆ ಬೇಗ ಸೋರುತ್ತದೆ, ದಪ್ಪ ಟವೆಲಿನಲ್ಲಿ ನಿಧಾನ. ಸುಮಾರು ಅರ್ಧ ಗಂಟೆ ಅಂದುಕೊಳ್ಳಿ, ಆದರೆ ಗಡಿಯಾರ ನಂಬಬೇಡಿ. ಮಾಶಿಮಾ ಮಾಡುತ್ತಿದ್ದ ಪರೀಕ್ಷೆ ಹೀಗೆ. ಬಟ್ಟೆಯ ಗಂಟು ಬಿಚ್ಚಿ, ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಹತ್ತು ಎಣಿಸುವ ತನಕ ಉಜ್ಜುತ್ತಿದ್ದರು. ಅದು ಸಣ್ಣ ಗೋಲಿಯಾಗಿ ನಿಂತರೆ, ಬೆರಳಿಗೆ ತೇವ ತಾಗಿದರೂ ನೀರು ಕಾಣದಿದ್ದರೆ, ಸರಿ. ಬೆರಳಿಗೆ ಬಿಳಿ ಲೇಪ ಹತ್ತಿದರೆ ಇನ್ನೂ ಹತ್ತು ನಿಮಿಷ ತೂಗಬೇಕು. ಗೋಲಿ ಕಟ್ಟದೆ ಉದುರಿದರೆ ಒಣಗಿಹೋಗಿದೆ ಅಂತ ಅರ್ಥ, ಅಂಗೈ ಒದ್ದೆ ಮಾಡಿಕೊಂಡು ನಾದಬೇಕು.

ಬಟ್ಟೆಯನ್ನು ತಿರುಚಿ ತಿರುಚಿ ಹಿಂಡುವವರಿದ್ದಾರೆ. ನಾನೂ ಹಿಂಡಿದ್ದೆ, ಬೇಗ ಆಗಲಿ ಅಂತ. ಹೊರಗಿನ ಪದರ ಒಣಗಿತ್ತು, ನಡುವೆ ಕೆಸರಿನ ಹಾಗಿತ್ತು. ಅದೇ ಛೇನಾದ ಉಂಡೆಗಳಲ್ಲಿ ಅರ್ಧ ಬಿರಿದವು, ಅರ್ಧ ಕರಗಿದವು. ಮೊದಲು ಒಂದು ಸಲ ಮೆಲ್ಲಗೆ ಒತ್ತಿ ನೀರು ತೆಗೆಯಿರಿ, ಆಮೇಲೆ ನಲ್ಲಿಗೆ ಕಟ್ಟಿ ಬಿಟ್ಟುಬಿಡಿ. ಮಿಕ್ಕ ಕೆಲಸ ಅದರ ಭಾರವೇ ಮಾಡುತ್ತದೆ.

## ನಾದುವುದು, ಉಂಡೆ ಕಟ್ಟುವುದು

ಎಷ್ಟು ನಾದಬೇಕು? ಕೈ ನೋವು ಬರುತ್ತೆ, ಮಿಕ್ಸಿಗೆ ಹಾಕಿದ್ರೆ ಆಗಲ್ವಾ?

ಛೇನಾವನ್ನು ಅಗಲವಾದ ತಟ್ಟೆಯಲ್ಲಿ ಹಾಕಿ, ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ ಉಜ್ಜಿ, ಮತ್ತೆ ಒಟ್ಟು ಮಾಡಿ. ಚಪಾತಿ ಹಿಟ್ಟಿನ ಹಾಗೆ ಗುದ್ದಬೇಡಿ. ಚಂದನ ತೇಯುವ ಹಾಗೆ ತಳ್ಳುವುದು ಇದು. ಮೊದಲ ಎರಡು ನಿಮಿಷ ತರಿ ತರಿ ಇರುತ್ತದೆ. ನಾಲ್ಕನೇ ನಿಮಿಷಕ್ಕೆ ಮುದ್ದೆ ತಟ್ಟೆ ಬಿಡುತ್ತದೆ. ಆರೇಳು ನಿಮಿಷಕ್ಕೆ ಅಂಗೈ ನೋಡಿಕೊಳ್ಳಿ, ಸಣ್ಣಗೆ ಜಿಡ್ಡಿನ ಹೊಳಪು ಕಂಡರೆ ಅಲ್ಲಿಗೆ ಸಾಕು. ಇನ್ನೂ ಮುಂದುವರಿಸಿದರೆ ಕೊಬ್ಬು ಬೇರೆಯಾಗಿ ಉಂಡೆ ಕುದಿಯಲ್ಲಿ ಬಿಚ್ಚಿಕೊಳ್ಳುತ್ತದೆ.

ಮಿಕ್ಸಿಯಲ್ಲಿ ಆಗುತ್ತದೆ. ಆದರೆ ಹತ್ತು ಸೆಕೆಂಡು ಹೆಚ್ಚಾದರೂ ಬ್ಲೇಡಿನ ಬಿಸಿಗೆ ಬೆಣ್ಣೆ ಬಿಡುತ್ತದೆ, ಮತ್ತೆ ದಾರಿಯಿಲ್ಲ. ತಡೆದು ತಡೆದು ಎರಡು ಸಲ ತಿರುಗಿಸಿ, ಮಿಕ್ಕದ್ದು ಕೈಯಲ್ಲಿ ಮುಗಿಸಿ. ಸಂಧಿವಾತ ಇರುವ ನನ್ನ ಚಿಕ್ಕಮ್ಮ ಹೀಗೇ ಮಾಡುತ್ತಾರೆ. ಚೆನ್ನಾಗೇ ಬರುತ್ತದೆ.

ಮೈದಾ ಹಾಕಬೇಕಾ? ಕೆಲವರು ರವೆ ಅಂತಾರೆ, ಕೆಲವರು ಕಾರ್ನ್‌ಫ್ಲೋರ್.

ಛೇನಾ ಸರಿಯಿದ್ದರೆ ಏನೂ ಬೇಡ. ಮೊದಲ ಸಲ ಮಾಡುವವರು ಧೈರ್ಯಕ್ಕೆ ಲೀಟರ್ ಹಾಲಿನ ಛೇನಾಕ್ಕೆ ಒಂದು ಟೀ ಚಮಚ ಮೈದಾ ಅಥವಾ ಚಿರೋಟಿ ರವೆ ಹಾಕಿ. ಸ್ವಲ್ಪ ಹೆಚ್ಚು ತೇವ ಇದ್ದರೂ ಅದು ಹಿಡಿದುಕೊಳ್ಳುತ್ತದೆ. ಎರಡನೇ ಚಮಚ ಹಾಕಿದರೆ ಹಿಟ್ಟಿನ ಉಂಡೆ ತಿಂದ ಹಾಗೆ. ಬೇಕಿಂಗ್ ಪೌಡರ್, ಸೋಡಾ ಮುಟ್ಟಬೇಡಿ.

ಉಂಡೆ ಮೇಲೆ ಬಿರುಕು ಬರ್ತಾ ಇದೆ.

ಬಿರುಕಿದ್ದರೆ ಕುದಿಯಲ್ಲಿ ಅದೇ ಬಾಯಿ ಬಿಡುತ್ತದೆ. ಅಂಗೈಗಳ ನಡುವೆ ಮೊದಲು ಬಿಗಿಯಾಗಿ ಒತ್ತಿ, ಕೊನೆಗೆ ಹಗುರವಾಗಿ ಉರುಳಿಸಿ. ಕಟ್ಟಿದ ಉಂಡೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಫ್ಯಾನ್ ಆರಿಸಿ. ಬೇಸಿಗೆಯಲ್ಲಿ ರಾಯಚೂರಿನ ಗೆಳತಿ ಮನೆಯಲ್ಲಿ ಮಾಡಿದಾಗ ಐದೇ ನಿಮಿಷಕ್ಕೆ ಮೇಲ್ಮೈ ಒಣಗಿತ್ತು. ಇನ್ನೊಂದು, ಉಂಡೆ ಚಿಕ್ಕದಿರಲಿ. ಬೆಂದಾಗ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

## ಪಾಕ ಮತ್ತು ಬೇಯಿಸುವುದು

ಪಾಕ ಎಷ್ಟು ಎಳೆ ಬರಬೇಕು?

ಒಂದೆಳೆಯೂ ಬರಬಾರದು! ಜಾಮೂನಿನ ಪಾಕ ಇಲ್ಲಿಗೆ ತರಬೇಡಿ. ಒಂದೂವರೆ ಕಪ್ ಸಕ್ಕರೆಗೆ ಆರು ಕಪ್ ನೀರು. ಕೈಗೆ ಅಂಟು ಅಂಟಾಗದ ಸಕ್ಕರೆ ನೀರು ಅದು. ಪಾಕ ದಪ್ಪಗಿದ್ದರೆ ಉಂಡೆಯೊಳಗಿನ ನೀರನ್ನೇ ಹೊರಗೆಳೆಯುತ್ತದೆ, ಉಪ್ಪು ಹಾಕಿದ ಸೌತೆಕಾಯಿ ನೀರು ಬಿಡುತ್ತದಲ್ಲ, ಹಾಗೆ. ಹಿಗ್ಗಬೇಕಾದ ಉಂಡೆ ಕುಗ್ಗುತ್ತದೆ. ಸಿಹಿ ಸಾಲದು ಅನ್ನಿಸಿದರೆ ಬೆಂದು ಮುಗಿದ ಮೇಲೆ ಪಾಕಕ್ಕೆ ಅರ್ಧ ಕಪ್ ಸಕ್ಕರೆ ಸೇರಿಸಿ ಕರಗಿಸಿ, ರಾತ್ರಿ ಪೂರ್ತಿ ನೆನೆಯಲಿ.

ಎಷ್ಟು ನಿಮಿಷ ಬೇಯಿಸಬೇಕು? ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ?

ಪಾತ್ರೆ ಅಗಲ ಇರಲಿ. ಪಾಕ ಜೋರಾಗಿ ಮರಳುವಾಗ ಉಂಡೆ ಬಿಟ್ಟು ಮುಚ್ಚಳ ಹಾಕಿ. ಉರಿ ತಗ್ಗಿಸಬೇಡಿ, ಪೂರ್ತಿ ಹೊತ್ತು ಗುಳು ಗುಳು ಅನ್ನುತ್ತಲೇ ಇರಬೇಕು. ಹನ್ನೆರಡರಿಂದ ಹದಿನೈದು ನಿಮಿಷ. ನಡುವೆ ಒಂದು ಸಲ ಮುಚ್ಚಳ ತೆಗೆದು ಉಂಡೆಗಳನ್ನು ತಿರುವಿ, ಪಾಕ ಬತ್ತಿದ್ದರೆ ಅರ್ಧ ಲೋಟ ಕುದಿಯುವ ನೀರು ಹಾಕಿ. ತಣ್ಣೀರು ಬೇಡ, ಕುದಿ ನಿಂತರೆ ಹಿಗ್ಗಿದ ಉಂಡೆ ಮುದುಡುತ್ತದೆ.

ಬೆಂದಿದೆಯಾ ನೋಡಲು ಒಂದನ್ನು ನೀರಿನ ಲೋಟಕ್ಕೆ ಹಾಕಿ. ತಳಕ್ಕೆ ಕೂತರೆ ಆಯ್ತು. ತೇಲುತ್ತಿದ್ದರೆ ಇನ್ನೂ ಎರಡು ನಿಮಿಷ. ಬೆರಳಲ್ಲಿ ಒತ್ತಿ ಬಿಟ್ಟರೆ ಮತ್ತೆ ಉಬ್ಬಿ ಬರಬೇಕು.

ಮಂಗಳೂರಿನ ನನ್ನ ಓರಗಿತ್ತಿಗೆ ಹನ್ನೆರಡು ನಿಮಿಷ ಸಾಕು, ನನಗೆ ಹದಿನೈದು ಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಮಡಿಕೇರಿಯವರು ಇನ್ನೂ ಒಂದು ನಿಮಿಷ ಸೇರಿಸಿಕೊಳ್ಳಿ.

ಕುಕ್ಕರಿನಲ್ಲಿ ಮಾಡಬಹುದಾ?

ಮಾಡಬಹುದು, ಅವಸರದ ದಿನ ನಾನೂ ಮಾಡುತ್ತೇನೆ. ಪಾಕ ಕುದಿ ಬಂದ ಮೇಲೆ ಉಂಡೆ ಬಿಟ್ಟು ಮುಚ್ಚಿ. ಒಂದು ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಐದಾರು ನಿಮಿಷ. ಆಮೇಲೆ ಹಬೆ ತಾನಾಗಿ ಇಳಿಯಲಿ. ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಪಾಕ ಉಕ್ಕಿ ವಿಷಲಿನಲ್ಲಿ ಸಿಕ್ಕಿಕೊಂಡರೆ ಅಪಾಯ. ನೋಡಿ ನೋಡಿ ಬೇಯಿಸುವ ಸುಖ ಮಾತ್ರ ಇದರಲ್ಲಿಲ್ಲ.

## ಕೆಟ್ಟುಹೋದಾಗ

ಉಂಡೆ ಪಾಕದಲ್ಲಿ ಕರಗಿ ಪಾಯಸ ಆಗೋಯ್ತು!

ನೀರು ಹೆಚ್ಚಿತ್ತು, ಇಲ್ಲವೇ ನಾದಿದ್ದು ಸಾಲದು. ನನ್ನ ಮೊದಲ ದೀಪಾವಳಿ ರಸಗುಲ್ಲಾ ಹೀಗೇ ಆಯಿತು. ಎಂಟು ಜನ ನೆಂಟರು ನಡುಮನೆಯಲ್ಲಿ, ಬಾಣಲೆಯಲ್ಲಿ ಬಿಳಿ ಗಂಜಿ. ನಮ್ಮ ಮಾವ ಒಂದು ಚಮಚ ಬಾಯಿಗಿಟ್ಟು, "ಪರವಾಗಿಲ್ಲ ಕಣಮ್ಮ, ಏಲಕ್ಕಿ ಹಾಕು" ಅಂದರು. ಏಲಕ್ಕಿ, ಒಂದು ಲೋಟ ಗಟ್ಟಿ ಹಾಲು, ಗೋಡಂಬಿ ಹಾಕಿ ಬಡಿಸಿದೆ. ನೀವೂ ಅದನ್ನೇ ಮಾಡಿ. ಮುಂದಿನ ಸಲ ಎಲ್ಲ ಉಂಡೆ ಬಿಡುವ ಮುಂಚೆ ಒಂದನ್ನು ಮಾತ್ರ ಎರಡು ನಿಮಿಷ ಕುದಿಸಿ ನೋಡಿ. ಅದು ಬಿಚ್ಚಿದರೆ ಮಿಕ್ಕ ಛೇನಾಕ್ಕೆ ಒಂದು ಚಮಚ ಮೈದಾ ಸೇರಿಸಿ ಮತ್ತೆ ನಾದಿ.

ರಬ್ಬರಿನ ಥರ ಆಗುತ್ತೆ, ಹಲ್ಲಿಗೆ ಕಿರ್ ಕಿರ್ ಅನ್ನುತ್ತೆ.

ಸ್ವಲ್ಪ ಕಿರ್ ಅನ್ನಬೇಕು, ಅದು ಬಂಗಾಳದ ರಸಗುಲ್ಲಾದ ಗುಣ. ಜಗಿಯುವ ಹಾಗಿದ್ದರೆ ತಪ್ಪು ಹಾಲಿನದು ಅಥವಾ ಹುಳಿಯದು. ಎಮ್ಮೆ ಹಾಲು ಬೆರೆತಿತ್ತಾ? ಹುಳಿ ಹಾಕಿದ ಮೇಲೂ ಒಲೆ ಉರಿಯುತ್ತಿತ್ತಾ? ಛೇನಾ ಬಿಸಿನೀರಲ್ಲೇ ಬಿಟ್ಟು ಫೋನಿನಲ್ಲಿ ಮಾತಾಡಲು ಹೋಗಿದ್ದಿರಾ? ಈ ಮೂರರಲ್ಲಿ ಒಂದಿರುತ್ತದೆ.

ಕುದೀತಿರುವಾಗ ದಪ್ಪ ಇರುತ್ತೆ, ಆರಿದ ಮೇಲೆ ಚಪ್ಪಟೆ.

ಬೆಂದಿದ್ದು ಸಾಲದು, ಒಳಗಿನ ಬಲೆ ಇನ್ನೂ ಗಟ್ಟಿಯಾಗುವ ಮುಂಚೆ ಹಬೆ ಇಳಿದುಹೋಗಿದೆ. ಮೂರು ನಿಮಿಷ ಹೆಚ್ಚು ಬೇಯಿಸಿ. ಒಲೆ ಆರಿಸಿದ ಮೇಲೆ ಐದು ನಿಮಿಷ ಮುಚ್ಚಳ ತೆಗೆಯಬೇಡಿ. ಸ್ವಲ್ಪ ಇಳಿಯುವುದು ಮಾತ್ರ ಎಲ್ಲರದಕ್ಕೂ ಇದ್ದದ್ದೇ.

ಛೇನಾ ಸೋಸಿದಾಗ ಇಳಿಯೋ ಹಸಿರು ನೀರು ಚೆಲ್ಲಬೇಕಾ?

ಅಯ್ಯೋ, ಬೇಡ. ಚಪಾತಿ ಹಿಟ್ಟು ಕಲಸಿ, ಮೆತ್ತಗೆ ಬರುತ್ತದೆ. ಬೇಳೆ ಬೆಂದ ಮೇಲೆ ಸಾರಿಗೆ ಹುಣಸೆ ಕಡಿಮೆ ಮಾಡಿ ಇದನ್ನು ಹಾಕಿ. ಒಂದು ಬಾಟಲಿ ಫ್ರಿಜ್‌ನಲ್ಲಿಟ್ಟು ಮುಂದಿನ ಹಾಲು ಒಡೆಸಿ.

ಎಷ್ಟು ದಿನ ಇಡಬಹುದು? ಡಬ್ಬಿದು ತಿಂಗಳುಗಟ್ಟಲೆ ಇರುತ್ತಲ್ಲ?

ಫ್ರಿಜ್‌ನಲ್ಲಿ ಪಾಕದೊಳಗೆ ಮುಳುಗಿಸಿ ಮೂರು ನಾಲ್ಕು ದಿನ. ಹೊರಗೆ ಒಂದು ಹಗಲಿಗಿಂತ ಹೆಚ್ಚು ಬೇಡ. ಪಾಕ ಲೋಳೆ ಲೋಳೆ ಆದರೆ ಯೋಚಿಸದೆ ಚೆಲ್ಲಿ. ಡಬ್ಬಿಯದನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿರುತ್ತಾರೆ. ನೊಬಿನ್ ಚಂದ್ರರ ಮಗ ಕೆ.ಸಿ. ದಾಸ್ 1930ರಲ್ಲೇ ಡಬ್ಬಿ ರಸಗುಲ್ಲಾ ತಂದಿದ್ದರು. ಅವರ ಹೆಸರಿನ ಅಂಗಡಿ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲೂ ಇದೆ. ಕಲಿಯುವಾಗ ಅಂಥ ಒಂದನ್ನು ತಿಂದು ನೋಡಿ, ಎಲ್ಲಿಗೆ ಮುಟ್ಟಬೇಕು ಅಂತ ನಾಲಿಗೆಗೆ ಗೊತ್ತಿರಲಿ.

ಷುಗರ್ ಇದೆ. ಹಿಂಡಿ ತಿಂದ್ರೆ ಏನೂ ಆಗಲ್ಲ ಅಲ್ವಾ?

ನಮ್ಮಪ್ಪನೂ ಹೀಗೇ ಹಿಂಡಿ ಹಿಂಡಿ ನಾಲ್ಕು ತಿನ್ನುತ್ತಿದ್ದರು. ಹಿಂಡಿದರೆ ಸಕ್ಕರೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಸ್ಪಂಜು ತಾನೇ, ಒಳಗೆ ಉಳಿದೇ ಇರುತ್ತದೆ. ಡಾಕ್ಟರನ್ನು ಕೇಳಿ.

## ಕೈ ಕುದುರಿದವರಿಗೆ

ಅಂಗಡಿಯವರು ಪಾಕಕ್ಕೆ ಅಂಟುವಾಳ ಹಾಕ್ತಾರಂತೆ, ನಿಜನಾ?

ಹಳೇ ಮಿಠಾಯಿಯವರಲ್ಲಿ ಆ ರೂಢಿ ಇತ್ತು. ಅಂಟುವಾಳದ ನೀರು ಹಾಕಿದರೆ ಪಾಕದ ಮೇಲೆ ನೊರೆ ಏಳುತ್ತದೆ, ಉಂಡೆಗಳು ಆ ನೊರೆಯೊಳಗೆ ಹುದುಗಿ ಎಲ್ಲ ಕಡೆ ಸಮನಾಗಿ ಬೇಯುತ್ತವೆ. ತಲೆ ತೊಳೆಯುವ ಸಾಮಾನು ಅಡುಗೆಮನೆಗೆ ಬೇಡ. ಮುಚ್ಚಳ ಮತ್ತು ಜೋರು ಕುದಿಯಿಂದಲೇ ಮನೆಯಲ್ಲಿ ಆ ಕೆಲಸ ಆಗುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕಿ ಮಾಡಬಹುದಾ?

ಬಂಗಾಳದಲ್ಲಿ ಚಳಿಗಾಲ ಬಂದರೆ ನೊಲೆನ್ ಗುಡ್ ರೊಶೊಗೊಲ್ಲಾಕ್ಕೆ ಕ್ಯೂ ನಿಲ್ಲುತ್ತಾರೆ. ಅದು ನಮ್ಮ ಈಚಲು ಮರದ ಜಾತಿಯ ರಸದ ಹೊಸ ಬೆಲ್ಲ, ಸುಟ್ಟ ಸಕ್ಕರೆಯಂಥ ಘಮ. ಮನೆಯಲ್ಲಿ ಮಾಡುವಾಗ ಬೇಯಿಸುವುದು ಸಕ್ಕರೆ ನೀರಲ್ಲೇ ಇರಲಿ. ಬೆಂದ ಉಂಡೆಗಳನ್ನು ಮೆಲ್ಲಗೆ ಒತ್ತಿ, ಸೋಸಿದ ಬೆಚ್ಚನೆ ಬೆಲ್ಲದ ನೀರಿಗೆ ಹಾಕಿ ಐದಾರು ಗಂಟೆ ಬಿಡಿ. ಮಂಡ್ಯದ ಕಬ್ಬಿನ ಬೆಲ್ಲದಲ್ಲೂ ಮಾಡಿದ್ದೇನೆ. ರುಚಿ ಬೇರೆ, ಆದರೆ ನಮ್ಮ ಮಕ್ಕಳಿಗೆ ಅದೇ ಇಷ್ಟ. ಕಾಯಿ ಹೋಳಿಗೆ ನೆನಪಾಗುತ್ತೆ ಅಂತಾರೆ.

ಇದೇ ಛೇನಾದಲ್ಲಿ ರಸಮಲೈ ಆಗುತ್ತಾ?

ಆಗುತ್ತದೆ. ಉಂಡೆಯನ್ನು ಬಿಲ್ಲೆಯ ಹಾಗೆ ತಟ್ಟಿ ಅದೇ ಪಾಕದಲ್ಲಿ ಬೇಯಿಸಿ. ಅರ್ಧಕ್ಕೆ ಬತ್ತಿಸಿದ ಕೇಸರಿ ಹಾಲು ಪಕ್ಕದಲ್ಲಿರಲಿ. ಬಿಲ್ಲೆಯನ್ನು ಎರಡು ಅಂಗೈ ನಡುವೆ ಒತ್ತಿ ಪಾಕ ತೆಗೆದು ಹಾಲಿಗೆ ಬಿಡಿ. ಹಾಲು ಬೆಚ್ಚಗಿರಬೇಕು. ತಣ್ಣಗಿದ್ದರೆ ಬಿಲ್ಲೆ ಹೀರಿಕೊಳ್ಳುವುದಿಲ್ಲ.

ನಾಮಕರಣಕ್ಕೆ ನೂರು ರಸಗುಲ್ಲಾ ಬೇಕು, ಮನೆಯಲ್ಲೇ ಮಾಡ್ಲಾ?

ಎಂಟು ಲೀಟರ್ ಹಾಲು ಬೇಕು. ಒಟ್ಟಿಗೆ ಒಡೆಸಬೇಡಿ. ದೊಡ್ಡ ಪಾತ್ರೆಯ ಹಾಲು ಆರುವುದು ನಿಧಾನ, ತಳದ ಛೇನಾ ಬೆಂದು ಗಟ್ಟಿಯಾಗುತ್ತದೆ. ಎರಡೆರಡು ಲೀಟರಿನಂತೆ ನಾಲ್ಕು ಸಲ ಮಾಡಿ. ಒಂದು ಬಟ್ಟೆ ಸೋರುವಾಗ ಇನ್ನೊಂದು ಹಾಲು ಕಾಯಲಿ. ನಾದಲು ಇಬ್ಬರು, ಉಂಡೆಗೆ ಒಬ್ಬರು, ಒಲೆಯ ಮುಂದೆ ಒಬ್ಬರು. ಒಂದು ಪಾತ್ರೆಗೆ ಹದಿನೈದಕ್ಕಿಂತ ಹೆಚ್ಚು ಬಿಡಬೇಡಿ, ಹಿಗ್ಗಲು ಜಾಗ ಬೇಕು. ಒಂದೇ ಪಾಕದಲ್ಲಿ ಎರಡು ಸಲ ಬೇಯಿಸಿದ ಮೇಲೆ ಅದು ದಪ್ಪವಾಗಿರುತ್ತದೆ, ಕುದಿಯುವ ನೀರು ಸೇರಿಸಿ ತೆಳು ಮಾಡಿಕೊಳ್ಳಿ. ಹಿಂದಿನ ದಿನ ಮಧ್ಯಾಹ್ನವೇ ಶುರು ಮಾಡಿ, ರಾತ್ರಿ ಪಾಕದಲ್ಲಿ ನೆನೆಯಲಿ. ಎಲ್ಲ ತಣ್ಣಗಾದ ಮೇಲೆ ಫ್ರಿಜ್‌ಗಿಡಿ, ಜಾಗ ಸಾಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಕೇಳಿದ್ದಕ್ಕೆ ಅವರಿಗೆ ಆರು ಕೊಡಬೇಕಾಗುತ್ತದೆ, ಹಾಗಾಗಿ ಎಂಟೂವರೆ ಲೀಟರ್ ಹಾಲು ತನ್ನಿ.